ಕೊಳವೆ ಬಂದರೂ ಕೈಗೆಟುಕದ ಅನಿಲ

ಮೈಸೂರು: 2023ರಲ್ಲಿ ಮುಂಗಾರು ಕೈಕೊಟ್ಟಿತು. ಜಲಾಶಯಗಳು ತುಂಬಲಿಲ್ಲ, ವಿದ್ಯುತ್ ಬೇಡಿಕೆ ಮಾತ್ರ ಏರಿತು. ಪಂಪ್‌ಸೆಟ್‌ಗಳಿಗೆ ಏಳು ಗಂಟೆಯ ಬದಲು ಐದು ಗಂಟೆ ವಿದ್ಯುತ್ ಎಂಬ ಸ್ಥಿತಿ ಒದಗಿತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಪ್ರಯೋಗಿಸಿ, ಖಾಸಗಿ ಉತ್ಪಾದಕರು ರಾಜ್ಯದ ಜಾಲಕ್ಕೇ ವಿದ್ಯುತ್ ನೀಡಬೇಕೆಂದು ಆದೇಶಿಸಿತು. ಮೈಸೂರು ಸೇರಿ ಐದು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ರೈತ ಗ್ರಾಹಕರಿಗೂ ಬಿಸಿ ತಟ್ಟಿತು.

ಆ ಸಂಕಟಕ್ಕೆ ನೆರವಾಗಬಹುದಿದ್ದ ಯಲಹಂಕದ 370 ಮೆಗಾವಾಟ್ ಅನಿಲ ಸ್ಥಾವರ ಆಗಿನ್ನೂ ಉದ್ಘಾಟನೆಯಾಗಿರಲಿಲ್ಲ. ದಾಭೋಳ್–ಬೆಂಗಳೂರು ಕೊಳವೆ ಮಾರ್ಗದಲ್ಲಿ 2013ರಲ್ಲೇ ಅನಿಲ ಹರಿದಿತ್ತು. 2020ರ ಅಕ್ಟೋಬರ್‌ನಲ್ಲಿ ಸ್ಥಾವರದಲ್ಲಿ ಬೆಂಕಿ ಅವಘಡ ಸಂಭವಿಸಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಉದ್ಘಾಟಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಬಿಡದಿಯ ಅನಿಲ ಸ್ಥಾವರವಂತೂ ಕಾಗದದಲ್ಲೇ ಉಳಿಯಿತು.

ಆದರೆ ಕೊಳವೆ ಬಂದ ಮಾತ್ರಕ್ಕೆ ಅನಿಲ ಅಗ್ಗವಾಗದು. ದೇಶದೊಳಗೆ ಸಿಗುವ ಅನಿಲದಲ್ಲಿ ಮನೆಗಳ ಒಲೆ ಹಾಗೂ ವಾಹನಗಳಿಗೆ ಮೊದಲ ಹಕ್ಕು. ವಿದ್ಯುತ್ ಸ್ಥಾವರಗಳದು ಅನಂತರದ ಸರದಿ. ಉಳಿದದ್ದನ್ನು ಹಡಗಿನಲ್ಲಿ ಬರುವ ದ್ರವೀಕೃತ ಅನಿಲದಿಂದ ತುಂಬಿಕೊಳ್ಳಬೇಕು. ಮೈಸೂರಿನಲ್ಲಿ ಮನೆಮನೆಗೆ ಅನಿಲ ಕೊಳವೆ ಹಾಕುವ ಬಗ್ಗೆ 2022ರಲ್ಲಿ ಸಂಸದರು ಮತ್ತು ಶಾಸಕರ ನಡುವೆ ನಡೆದ ಜಟಾಪಟಿ ರಸ್ತೆ ಅಗೆತದ ಸುತ್ತಲೇ ಸುತ್ತಿತು. ಅನಿಲ ಎಲ್ಲಿಂದ, ಯಾವ ದರಕ್ಕೆ ಎಂಬ ಪ್ರಶ್ನೆ ಹಿಂದೆ ಬಿದ್ದಿತು.

ಅದೇ ವರ್ಷ ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಗಗನಕ್ಕೇರಿತು. ಐರೋಪ್ಯ ದೇಶಗಳು ಹೆಚ್ಚು ಹಣ ತೆತ್ತು ಹಡಗುಗಳನ್ನು ತಮ್ಮತ್ತ ಸೆಳೆದವು. ಬಾಂಗ್ಲಾದೇಶ ತಕ್ಷಣದ ಖರೀದಿ ನಿಲ್ಲಿಸಿ ಲೋಡ್‌ಶೆಡ್ಡಿಂಗ್‌ಗೆ ಶರಣಾಯಿತು. ಭಾರತದಲ್ಲಿ ಸುಮಾರು 25,000 ಮೆಗಾವಾಟ್ ಸಾಮರ್ಥ್ಯದ ಅನಿಲ ಸ್ಥಾವರಗಳಿದ್ದರೂ, ಒಟ್ಟು ಉತ್ಪಾದನೆಯಲ್ಲಿ ಅವುಗಳ ಪಾಲು ಶೇ 2ರ ಆಸುಪಾಸಿಗೆ ಕುಸಿಯಿತು.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ಆರಂಭವಾದ 220 ಮೆಗಾವಾಟ್‌ನ ತೇಲುವ ಸ್ಥಾವರ ದುಬಾರಿ ನಾಫ್ತಾ ಉರಿಸುತ್ತಿತ್ತು. ಖರೀದಿ ಒಪ್ಪಂದ ಮುಗಿದ ಬಳಿಕ ಅದು ಅನಿಲ ಅರಸಿ ಕಾಕಿನಾಡಕ್ಕೆ ತೆರಳಿತು. ಕೊಚ್ಚಿಯಿಂದ ಮಂಗಳೂರಿಗೆ ಅನಿಲ ಕೊಳವೆ ಲೋಕಾರ್ಪಣೆಯಾದದ್ದು 2021ರ ಜನವರಿಯಲ್ಲಿ!

ಹಾಗೆಂದು ಯಲಹಂಕ ವ್ಯರ್ಥವಲ್ಲ. ಪಾವಗಡದ ಸೌರಫಲಕಗಳು ಸಂಜೆಗೆ ಮಂಕಾದಾಗ ಬೇಗನೆ ಉತ್ಪಾದನೆ ಏರಿಸುವ ಗುಣ ಅನಿಲ ಟರ್ಬೈನಿಗಿದೆ. ಕಲ್ಲಿದ್ದಲು ಬಾಯ್ಲರಿಗೆ ಅಷ್ಟು ವೇಗವಿಲ್ಲ. ದಿನವಿಡೀ ಓಡಿಸುವ ಹಂಬಲ ಬಿಟ್ಟು, ಸಂಜೆಯ ನಾಲ್ಕೈದು ಗಂಟೆಗೆ ಬೇಕಾಗುವಷ್ಟು ಅನಿಲವನ್ನಾದರೂ ದೀರ್ಘಾವಧಿ ಒಪ್ಪಂದದಲ್ಲಿ ಕಾಯ್ದಿರಿಸುವುದು ವಿವೇಕದ ದಾರಿ. ಇಲ್ಲವಾದರೆ ಸ್ಥಾವರ ನಿಂತರೂ ಅದರ ಸ್ಥಿರ ವೆಚ್ಚ ಕೊನೆಗೆ ಬಂದು ಸೇರುವುದು ಗ್ರಾಹಕರ ಮಾಸಿಕ ಬಿಲ್ಲಿಗೇ.