ತಿಂಗಳಿಗೆ ಎಷ್ಟು ಬೇಕು, ಸರ್?



ಕಳೆದ ವಾರ ಕೆನಡಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತ್ತು. ಮುಂಡಗೋಡದಲ್ಲಿ ನನ್ನ ಬಳಿ ಗಣಿತ ಕಲಿತವನು. ಅವನ ಕಚೇರಿಯ ಹಿರಿಯ ಸಹೋದ್ಯೋಗಿ ಮತ್ತು ಅವರ ಪತ್ನಿ ಬೌದ್ಧಧರ್ಮದಲ್ಲಿ ಆಸಕ್ತರಂತೆ. ನಿವೃತ್ತಿಯ ನಂತರ ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ನೆಲೆಸಬೇಕೋ, ಡ್ರೆಪುಂಗ್ ಮಠದ ಸಮೀಪ ಮುಂಡಗೋಡದಲ್ಲಿ ನೆಲೆಸಬೇಕೋ ಎಂದು ಯೋಚಿಸುತ್ತಿದ್ದಾರೆ. ಬಾಲಿಯ ಮನೆಬಾಡಿಗೆ, ಊಟ, ಕೆಲಸದವರ ಸಂಬಳ ಎಲ್ಲವನ್ನೂ ತಿಂಗಳ ಲೆಕ್ಕದಲ್ಲಿ ತೋರಿಸುವ ಪಟ್ಟಿಯೊಂದು ಅವರಿಗೆ ಸಿಕ್ಕಿದೆ. "ನಮ್ಮ ಊರಿಗೂ ಅಂಥದೊಂದು ಪಟ್ಟಿ ಮಾಡಿಕೊಡಿ ಸರ್. ತಿಂಗಳಿಗೆ ಎಷ್ಟು ಬೇಕು?" ಎಂಬುದು ಅವನ ಪ್ರಶ್ನೆ.

ಲೆಕ್ಕದ ಮಾಸ್ತರನಿಗೆ ಲೆಕ್ಕ ಕೇಳಿದರೆ ಉತ್ಸಾಹ ಬರುವುದು ಸಹಜ. ಮನೆಖರ್ಚಿನ ಪುಸ್ತಕವನ್ನು ನೌಕರಿಗೆ ಸೇರಿದ 1974ರಿಂದಲೂ ಬರೆಯುತ್ತ ಬಂದಿದ್ದೇನೆ. ಅದನ್ನು ತೆರೆದು ಹಳಿಯಾಳದಲ್ಲಿ ನಾವು ಗಂಡ-ಹೆಂಡತಿ ಇಬ್ಬರ ಒಂದು ತಿಂಗಳ ಖರ್ಚನ್ನು ಬರೆದೆ. ದಿನಸಿ 5,500 ರೂಪಾಯಿ, ಹಾಲು 1,500, ತರಕಾರಿ ಮತ್ತು ಹಣ್ಣು 2,500, ಗ್ಯಾಸ್ 900, ಔಷಧಿ 4,200, ಫೋನು ಮತ್ತು ಇಂಟರ್‌ನೆಟ್ 1,000, ಮನೆಗೆಲಸದವರಿಗೆ 2,000, ಬಸ್ಸು-ರಿಕ್ಷಾ 900, ಪತ್ರಿಕೆ, ಮದುವೆ-ಮುಂಜಿ, ದೇವರು-ದಿಂಡರು ಎಂದು 2,500. ಒಟ್ಟು 21,000 ರೂಪಾಯಿ. ಹೊರದೇಶದ ದಂಪತಿಗೆ ಬಾಡಿಗೆ, ಅಡುಗೆಯವರು, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬರಲು ಕಾರು, ವರ್ಷಕ್ಕೊಮ್ಮೆ ವಿಮಾನ ಎಲ್ಲವನ್ನೂ ಸೇರಿಸಿದರೆ ಇದರ ಮೂರು ಪಟ್ಟು ಹಿಡಿಯಬಹುದು ಎಂಬುದು ನನ್ನ ಅಂದಾಜು. ಅಲ್ಲಿಯ ಪಿಂಚಣಿಗೆ ಅದು ದೊಡ್ಡ ಮೊತ್ತವೇನಲ್ಲ.

ಇಷ್ಟು ಬರೆದು ಕಳುಹಿಸಿಬಿಡಬಹುದಿತ್ತು. ಆದರೆ ಬರೆದದ್ದನ್ನು ಮತ್ತೊಮ್ಮೆ ಓದಿದಾಗ, ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಇಂಥದ್ದನ್ನು ಬರೆದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ ಎನ್ನಿಸಿತು. ಲೆಕ್ಕ ಸರಿಯಿದೆ, ಆದರೆ ದತ್ತಾಂಶವನ್ನು ಪೂರ್ತಿ ಬರೆದಿಲ್ಲ. ನನ್ನ 21,000 ರೂಪಾಯಿಗೆ ತಿಂಗಳು ಸಾಗುವುದು ಮನೆ ಸ್ವಂತದ್ದಾದ್ದರಿಂದ. 2023ರಿಂದ ಗೃಹಜ್ಯೋತಿ ಯೋಜನೆಯಿಂದಾಗಿ ವಿದ್ಯುತ್ ಬಿಲ್ಲು ಬರುವುದಿಲ್ಲವಾದ್ದರಿಂದ. ರಾತ್ರಿ ಎದೆನೋವು ಬಂದರೆ ಪಕ್ಕದ ಮನೆಯ ಹುಡುಗ ಗಾಡಿ ತೆಗೆಯುತ್ತಾನೆ, ಪೆಟ್ರೋಲಿನ ದುಡ್ಡು ಕೊಡಹೋದರೆ ಬೈಯುತ್ತಾನೆ. ಇವು ಯಾವುವೂ ಪಟ್ಟಿಯಲ್ಲಿಲ್ಲ.

ಈ ಪಾಠವನ್ನು ನನಗೆ ಕಲಿಸಿದವರು ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನ ಒಬ್ಬ ಅಜ್ಜ. ಅದನ್ನು ಹೇಳುವ ಮೊದಲು ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು.

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದಾಗ ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಜನ ಬಂದರು. ಬೈಲಕುಪ್ಪೆಯ ನಂತರ, 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಅಂದಿನ ಮೈಸೂರು ಸರ್ಕಾರ ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ಭೂಮಿ ಕೊಟ್ಟಿತು. ಆ ವಸಾಹತಿನ ಹೆಸರು ಡೋಗುಲಿಂಗ್. ಹಿಮದ ನಾಡಿನವರು ಜೂನ್ ತಿಂಗಳ ನಮ್ಮ ಮಳೆಗೆ, ಏಪ್ರಿಲಿನ ನಮ್ಮ ಸೆಕೆಗೆ ಬಂದು ಬಿದ್ದರು. ಕಾಡು ಕಡಿದು ಗೋವಿನಜೋಳ ಬಿತ್ತಿದರು. ಬಂಗಾಳದ ಬಕ್ಸಾ ಶಿಬಿರದಲ್ಲಿ ಕ್ಷಯದಿಂದ ನರಳಿ ಉಳಿದ ಭಿಕ್ಷುಗಳು ಮುಂದೆ ಇಲ್ಲಿಗೆ ಬಂದು ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳನ್ನು ಮತ್ತೆ ಕಟ್ಟಿದರು.

ನಾನು 1979ರಲ್ಲಿ ಮುಂಡಗೋಡಕ್ಕೆ ವರ್ಗವಾಗಿ ಬಂದೆ. ಅದಕ್ಕೂ ಮುನ್ನ ಐದು ವರ್ಷ ಸೂಪಾದಲ್ಲಿದ್ದೆ. ಆಗ ಊರು ಇನ್ನೂ ನೀರಿನ ಮೇಲಿತ್ತು. ಕಾಳಿ ನದಿಗೆ ಅಣೆಕಟ್ಟು ಏಳುತ್ತಿತ್ತು. ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಪರಿಹಾರದ ಮಾತು. ನನ್ನ ಎದುರು ಬೆಂಚಿನ ಮೇಲೆ ಕುಳಿತಿದ್ದ ಮಕ್ಕಳ ಮನೆಗಳು ಮುಂದೆ ಮುಳುಗಿದವು. ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ಆ ಕಹಿಯನ್ನು ಹೊತ್ತೇ ಮುಂಡಗೋಡಕ್ಕೆ ಬಂದ ನಾನು ಸ್ಟಾಫ್ ರೂಮಿನಲ್ಲಿ ಒಮ್ಮೆ ಜೋರಾಗಿಯೇ ಹೇಳಿದ್ದೆ: "ನಮ್ಮವರ ಊರು ಮುಳುಗಿಸುತ್ತಾರೆ, ಪರದೇಶದವರಿಗೆ ನಾಲ್ಕು ಸಾವಿರ ಎಕರೆ ಕೊಡುತ್ತಾರೆ. ಇವರಿಗೇನು ಖರ್ಚು? ಎಲ್ಲ ಪುಕ್ಕಟೆ."

ಅಜ್ಜನ ಪರಿಚಯವಾದದ್ದು ಅದೇ ಕಾಲದಲ್ಲಿ. ಅರ್ಜಿ ಬರೆಸಿಕೊಳ್ಳಲು, ಬಂದ ಕಾಗದ ಓದಿಸಿಕೊಳ್ಳಲು ಅವರು ಭಾನುವಾರಗಳಂದು ನನ್ನ ಮನೆಗೆ ಬರುತ್ತಿದ್ದರು. ಅವರ ಕನ್ನಡ ಸಂತೆಯ ಕನ್ನಡ. 1983ರ ಒಂದು ದಿನ, "ಮಾಸ್ತರೇ, ಖರ್ಚು ಬರೆಯೋದು ಕಲಿಸಿ. ದುಡ್ಡು ಎಲ್ಲಿ ಹೋಗ್ತದೆ ಗೊತ್ತಾಗೋದಿಲ್ಲ" ಎಂದರು. ನಾನು ಗೆರೆ ಎಳೆದು ಬರೆಯತೊಡಗಿದೆ; ಅವರು ಹೇಳುತ್ತ ಹೋದರು.

ಅಕ್ಕಿ, ಗೋಧಿ ಹಿಟ್ಟು, ಉಪ್ಪು, ಸೀಮೆಎಣ್ಣೆ. ಅಲ್ಲಿಯವರೆಗೆ ನನ್ನ ಪಟ್ಟಿಯೂ ಅದೇ. ಆಮೇಲೆ ಚಹಾಕ್ಕೆ ಬೆಣ್ಣೆ, ದೀಪಕ್ಕೆ ಬೆಣ್ಣೆ. ನಮ್ಮ ಸೆಕೆಯಲ್ಲಿ ಬೆಣ್ಣೆ ನಿಲ್ಲುವುದಿಲ್ಲ, ಆದರೂ ಅದು ಬೇಕು. ಆಮೇಲೆ ಸ್ವೆಟರಿನ ಸಾಲದ ಕಂತು. ಲುಧಿಯಾನದ ವ್ಯಾಪಾರಿಗಳಿಂದ ಸಾಲಕ್ಕೆ ಸ್ವೆಟರ್ ತಂದು ಚಳಿಗಾಲದಲ್ಲಿ ಊರೂರಿನ ಫುಟ್‌ಪಾತಿನ ಮೇಲೆ ಮಾರುವುದು ಅವರ ಮಗ-ಸೊಸೆಯ ಕಸುಬಾಗಿತ್ತು. ಆ ಮೂರು ತಿಂಗಳು ಮೊಮ್ಮಕ್ಕಳು ಅಜ್ಜನ ಬಳಿ. ಆಮೇಲೆ ಕಾಗದದ ಖರ್ಚು: ವಿದೇಶಿಯರೆಂಬ ನೋಂದಣಿ ಪತ್ರದ ನವೀಕರಣ, ಅದಕ್ಕೆ ಫೋಟೊ, ಬಸ್ಸು, ಒಂದು ದಿನದ ದುಡಿಮೆ. ಕೊನೆಯಲ್ಲಿ, "ಐದು ರೂಪಾಯಿ, ವಾಪಸ್ ಹೋಗೋದಕ್ಕೆ" ಎಂದರು.

ನನಗೆ ಅರ್ಥವಾಗಲಿಲ್ಲ. ಎಲ್ಲಿಗೆ ವಾಪಸ್ ಎಂದು ಕೇಳಿದೆ. "ಊರಿಗೆ" ಎಂದರು. ಪ್ರತಿ ತಿಂಗಳೂ ಐದು ರೂಪಾಯಿಯನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಬಂದು ಹದಿನೇಳು ವರ್ಷವಾದರೂ ಮನೆಯ ನೆಲಕ್ಕೆ ಸಿಮೆಂಟು ಹಾಕಿಸಿರಲಿಲ್ಲ, ನಾಳೆ ಹೊರಡುವವರಿಗೆ ನೆಲವೇಕೆ ಎಂದು. ಆ ಐದು ರೂಪಾಯಿಯನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೆಂದು ತಿಳಿಯದೆ ನಾನು "ಇತರೆ" ಎಂದು ಬರೆದೆ. 'ಎಲ್ಲ ಪುಕ್ಕಟೆ' ಎಂದ ನನ್ನ ಮಾತು ಆ ಹೊತ್ತಿಗೆ ನನಗೇ ನಾಚಿಕೆ ತರಿಸಿತ್ತು. ಸೂಪಾದವರ ನೋವು ಸುಳ್ಳಲ್ಲ. ಅವರಿಗೆ ನ್ಯಾಯವಾದದ್ದು ಸಿಗಬೇಕಿತ್ತು ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಆ ಸಿಟ್ಟನ್ನು ನಾನು ಊರು ಕಳೆದುಕೊಂಡ ಇನ್ನೊಬ್ಬರ ಮೇಲೆ ತೀರಿಸಿಕೊಳ್ಳಲು ಹೊರಟಿದ್ದೆ.

1991ರಲ್ಲಿ ಅಜ್ಜ ಆ ಡಬ್ಬಿಯನ್ನು ಒಡೆದು, ಇನ್ನಷ್ಟು ಸೇರಿಸಿ, ಮನೆಯ ನೆಲಕ್ಕೆ ಸಿಮೆಂಟು ಹಾಕಿಸಿದರು. ನನ್ನನ್ನು ಕರೆದು ಬೆಣ್ಣೆಚಹಾ ಕೊಟ್ಟರು. ಲೆಕ್ಕದ ಮಾತನ್ನು ಇಬ್ಬರೂ ಆಡಲಿಲ್ಲ.

ಈಗ ಆ ವಸಾಹತಿನ ಮಕ್ಕಳು ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಹಲವು ಮನೆಗಳಲ್ಲಿ ಉಳಿದವರು ಮುದುಕರು. ಇಲ್ಲಿಯೇ ಹುಟ್ಟಿದವರ ಪಾಡನ್ನೂ ನೋಡಿ. ನಮ್ಮ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ಇದು ಟಿಬೇಟಿಯನ್ನರಿಗೂ ಅನ್ವಯಿಸುತ್ತದೆ ಎಂದವು. ಆದರೆ 2017ರಲ್ಲಿ, ಪಾಸ್‌ಪೋರ್ಟ್ ಬೇಕೆನ್ನುವವರು ನೋಂದಣಿ ಪತ್ರ ಹಿಂದಿರುಗಿಸಬೇಕು, ವಸಾಹತಿನಲ್ಲಿ ವಾಸಿಸಕೂಡದು ಎಂಬ ಷರತ್ತು ಬಂತು. ಹುಟ್ಟಿದ ಮನೆಯನ್ನು ಬಿಡುವುದು ಒಂದು ಪಾಸ್‌ಪೋರ್ಟಿನ ಬೆಲೆಯಾಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. 2014ರ ಟಿಬೇಟಿಯನ್ ಪುನರ್ವಸತಿ ನೀತಿ ಭೂಮಿಯ ಗುತ್ತಿಗೆ, ಸರ್ಕಾರಿ ಯೋಜನೆಗಳ ಲಾಭ ಮುಂತಾದ ಒಳ್ಳೆಯ ಮಾತುಗಳನ್ನು ಆಡಿದೆ. ಇದನ್ನೂ ಅದಕ್ಕೆ ಸೇರಿಸಿದರೆ ನಮ್ಮ ದೇಶಕ್ಕೆ ನಷ್ಟವೇನೂ ಇಲ್ಲ.

ಇನ್ನು ನನ್ನ ವಿದ್ಯಾರ್ಥಿಯ ಸ್ನೇಹಿತರ ವಿಷಯ. ನಿನಗೇ ಬರೆಯುತ್ತಿದ್ದೇನೆ ಎಂದು ತಿಳಿದುಕೋ, ಮಗು. ಪಟ್ಟಿಯನ್ನು ಅವರಿಗೆ ಕೊಡು; ಅದರ ಜೊತೆ ಇವನ್ನೂ ಹೇಳು. ನಿವೃತ್ತರಿಗೆಂದೇ ಮೀಸಲಾದ ವೀಸಾ ನಮ್ಮಲ್ಲಿಲ್ಲ. ಬಾಲಿಗೆ ಹೋಗುವವರಿಗೆ ಇಂಡೊನೇಷ್ಯಾ ಅದನ್ನು ಕೊಡುತ್ತದೆ. ಟಿಬೇಟಿಯನ್ ವಸಾಹತಿನೊಳಗೆ ಹೊರದೇಶದವರು ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಹೊರದೇಶದವರು ಕೃಷಿಭೂಮಿ ಕೊಳ್ಳುವಂತಿಲ್ಲ. ಯಾರದೋ ಹೆಸರಿನಲ್ಲಿ ಕೊಂಡುಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅವರ ಮಾತು ಕೇಳಕೂಡದು. ಬಾಲಿಯಲ್ಲಿಯೂ ಭೂಮಿಯ ಪೂರ್ಣ ಒಡೆತನ ಅಲ್ಲಿಯ ಪ್ರಜೆಗಳಿಗೆ ಮಾತ್ರ. ಅದು ಸರಿಯೇ. ಡಾಲರಿನ ಎದುರು ಹರಾಜು ಕೂಗಿ ಗೆಲ್ಲಲು ಜೊಯಿಡಾದ ಕುಣಬಿ ರೈತನಿಂದಲೂ ಆಗದು, ಬಾಲಿಯ ರೈತನಿಂದಲೂ ಆಗದು. ದಾಂಡೇಲಿ-ಜೊಯಿಡಾ ರಸ್ತೆಯಲ್ಲಿ ರೆಸಾರ್ಟುಗಳು ಬಂದ ಮೇಲೆ ಬೆಂಗಳೂರಿನ ದುಡ್ಡೇ ಏನು ಮಾಡಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗಿನವರಿಗೆ ಅಗ್ಗವೆನ್ನಿಸಿದ ಊರು ಅಲ್ಲಿ ಹುಟ್ಟಿದವನಿಗೆ ತುಟ್ಟಿಯಾಗುತ್ತ ಹೋಗುತ್ತದೆ.

ಹಾಗೆಂದು ಬರಬೇಡಿ ಎನ್ನುವವನು ನಾನಲ್ಲ. ಮೊದಲು ಬಾಡಿಗೆ ಮನೆಯಲ್ಲಿದ್ದು ನಮ್ಮ ಒಂದು ಮಳೆಗಾಲವನ್ನು ನೋಡಲಿ. ಬಟ್ಟೆ ಒಣಗದ, ಕರೆಂಟು ಹೋದರೆ ಬಾರದ ಜುಲೈ ತಿಂಗಳನ್ನು ಕಳೆಯಲಿ. ಸಂತೆಗೆ ಸಾಲುವಷ್ಟು ಕನ್ನಡ ಕಲಿಯಲಿ. ಅಜ್ಜ ಅಷ್ಟರಲ್ಲಿಯೇ ಬದುಕು ಕಟ್ಟಿದರು. ಕೆಲಸದವರಿಗೆ ಕಡಿಮೆ ಕೂಲಿಯಲ್ಲಿ ಸಾಗುತ್ತದೆಂದು ಕಡಿಮೆ ಕೊಡದಿರಲಿ. ಅನಾರೋಗ್ಯವಾದಾಗ ಯಾರ ಬಾಗಿಲು ತಟ್ಟುತ್ತೇವೆ ಎಂಬ ಪ್ರಶ್ನೆಗೆ ಒಂದು ಹೆಸರು ಸಿಕ್ಕಿದ ಮೇಲೆ ನೆಲೆಸುವ ತೀರ್ಮಾನ ಮಾಡಲಿ.

ನೀನೂ ಒಂದು ಕೆಲಸ ಮಾಡು. ನೀನು ಅಲ್ಲಿ ಹೊರದೇಶದವನಾಗಿ ಬದುಕುತ್ತಿದ್ದೀಯಲ್ಲ, ನಿನ್ನ ತಿಂಗಳ ಖರ್ಚಿನಲ್ಲಿ "ಇತರೆ" ಎಂಬಲ್ಲಿ ಏನೇನು ಬರೆಯುತ್ತೀಯೆಂದು ಬಿಡುವಾದಾಗ ನನಗೆ ತಿಳಿಸು. ಉಳಿದ ಶಿಷ್ಯರೂ ಬರೆಯಬಹುದು. ನಿಮ್ಮ ಉತ್ತರಗಳ ದಾರಿ ನೋಡುತ್ತಿರುತ್ತೇನೆ.