ಸೇಡಂ ಮೊದಲೋ, ಚಿತ್ತಾಪುರ ಮೊದಲೋ? (ಕೋಡ್ ಮಾತು, ಭಾಗ 7)

ತಾಂಡೂರು ಕಡೆಯಿಂದ ರೈಲಿನಾಗ ಬಂದ್ರ ಮೊದಲು ಸೇಡಂ, ಆಮೇಲೆ ಚಿತ್ತಾಪುರ, ವಾಡಿ, ಮುಂದ ಕಲಬುರಗಿ ದಾರಿಯಲ್ಲಿ ಶಹಾಬಾದ್. ಚಿಂಚೋಳಿಯವ್ರು ಸಿಟ್ಟಾಗಬ್ಯಾಡ್ರಿ, ನಿಮ್ಮೂರಿಗೆ ರೈಲಿಲ್ಲ, ಕೊನೆಗೆ ಸೇರಿಸ್ತೀನಿ 😄

ಈ ಐದು ಹೆಸರು ಪೈಥಾನ್ ಸೆಟ್‌ನಾಗ ಹಾಕಿ ಪ್ರಿಂಟ್ ಮಾಡ್ರಿ. ಪ್ರೋಗ್ರಾಂ ಮುಚ್ಚಿ ಮತ್ತೆ ನಾಲ್ಕು ಸಲ ಓಡಿಸ್ರಿ. ಕ್ರಮ ಬದಲಾಗ್ತಿರ್ತದ. ಅದೇ ಸೆಟ್‌ನಾಗ 1, 2, 3 ಹಾಕಿದ್ರ ನೀಟಾಗಿ 1, 2, 3 ಅಂತಾನೇ ಬರ್ತದ. ಇದನ್ನ ನೋಡಿ "ಸೆಟ್ ತಾನೇ ಜೋಡಿಸ್ತದ" ಅಂದ್ಕೊಂಡ್ರ ಕೆಟ್ಟಿರಿ. ಅದು ಭಾಷೆ ಕೊಟ್ಟ ಮಾತಲ್ಲ. ಒಳಗಿನ ಹ್ಯಾಶ್ ಲೆಕ್ಕದಿಂದ ಹಂಗ ಕಂಡದ್ದು, ಅಷ್ಟೇ.

ನನ್ನ ಅಭಿಪ್ರಾಯ ಇಷ್ಟು: ಸ್ಟ್ಯಾಂಡರ್ಡ್ ಲೈಬ್ರರಿ ಕ್ರಮದ ಬಗ್ಗೆ ಸುಮ್ಮನಿರಬಾರದು. ಖಾತ್ರಿ ಇದ್ರ "ಇದೆ" ಅಂತ ಬರೀಲಿ, ಇಲ್ಲಂದ್ರ "ಇಲ್ಲ" ಅಂತ ಬರೀಲಿ. ಏನೂ ಬರೀದೆ ಬಿಟ್ರ ಜನ ಕಣ್ಣಿಗೆ ಕಂಡದ್ದನ್ನೇ ನಿಯಮ ಅಂತ ನಂಬ್ತಾರ.

ಪೈಥಾನ್ ಡಿಕ್ಟ್ ನೋಡ್ರಿ. 2016ರ 3.6 ಆವೃತ್ತಿಯಲ್ಲಿ ಮೆಮೊರಿ ಉಳಿಸುವ ಹೊಸ ಒಳರಚನೆ ಬಂತು. ಅದರ ಜೊತೆಗೆ ನಾವು ಸೇರಿಸಿದ ಕ್ರಮವೂ ಉಳೀತು. ಆದರೆ ದಾಖಲೆಯಲ್ಲಿ "ಇದನ್ನು ನೆಚ್ಚಬೇಡಿ" ಎಂಬ ಎಚ್ಚರಿಕೆ ಇತ್ತು. 2017ರ ಡಿಸೆಂಬರ್‌ನಲ್ಲಿ ಗ್ವಿಡೋ ವಾನ್ ರೋಸಮ್ ಒಪ್ಪಿದರು, 2018ರ 3.7ರಿಂದ ಅದು ಭಾಷೆಯ ನಿಯಮವೇ ಆಯಿತು. "ಹಂಗ ಆಗ್ತದ" ಅನ್ನೋದು "ಹಂಗೇ ಆಗ್ಬೇಕು" ಆಯ್ತು. ಸೆಟ್‌ಗೆ ಮಾತ್ರ ಆ ಮಾತು ಸಿಕ್ಕಿಲ್ಲ.

ಗೋ ಭಾಷೆ ಪೂರಾ ಉಲ್ಟಾ. ಮ್ಯಾಪ್ ಮೇಲೆ ಲೂಪ್ ಹಾಕಿದ್ರ ಬೇಕಂತಲೇ ಕ್ರಮ ಕಲಸ್ತದ, ಯಾರೂ ಅದನ್ನ ನೆಚ್ಚಬಾರದು ಅಂತ. ಜಾವಾದ ಹ್ಯಾಶ್‌ಮ್ಯಾಪ್ "ಕ್ರಮದ ಖಾತ್ರಿ ಇಲ್ಲ" ಅಂತ ಬಾಯ್ಬಿಟ್ಟು ಹೇಳ್ತದ. ಕ್ರಮ ಬೇಕಂದ್ರ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಅದ. ಎರಡೂ ನನಗ ಒಪ್ಪಿಗೆ.

ಜಾವಾಸ್ಕ್ರಿಪ್ಟ್‌ನಾಗ ಇನ್ನೊಂದು ತಿರುವು. ಪಿನ್ ಕೋಡನ್ನೇ ಕೀ ಮಾಡಿ ಆಬ್ಜೆಕ್ಟ್ ಬರೀರಿ: ಮೊದಲು ಸೇಡಂ 585222, ಆಮೇಲೆ ಚಿತ್ತಾಪುರ 585211. ಹೊರಗೆ ಬರುವಾಗ ಚಿತ್ತಾಪುರ ಮೊದಲು! ಪೂರ್ಣಾಂಕದಂಥ ಕೀಗಳು ಏರಿಕೆ ಕ್ರಮದಲ್ಲಿ ಮುಂದೆ ಬರಬೇಕು ಅಂತ ನಿಯಮದಲ್ಲೇ ಬರೆದದ. ಓದದವ್ರಿಗೆ ಬಗ್, ಓದಿದವ್ರಿಗೆ ನಿಯಮ. ಹಾಕಿದ ಕ್ರಮವೇ ಬೇಕಂದ್ರ ಮ್ಯಾಪ್ ಬಳಸ್ರಿ.

"ಖಾತ್ರಿ ಕೊಟ್ರ ಲೈಬ್ರರಿ ಬರೆಯೋರ ಕೈ ಕಟ್ಟಿದಂಗ ಆಗ್ತದಲ್ಲ, ನಾಳೆ ಇನ್ನೂ ಜೋರಾಗಿ ಓಡೋ ವಿಧಾನ ಸಿಕ್ಕರೆ?" ಅಂತ ಕೇಳ್ತೀರಿ. ಖರೆ ಅದ. ಹಂಗಿದ್ರ ಕೊಡಬ್ಯಾಡ್ರಿ, ಆದ್ರ ಕೊಟ್ಟಿಲ್ಲ ಅಂತ ಬರೀರಿ.

ನಮಗ್ಯಾಕ ಇದು? ನಾವು ಕಲಿಯೋದು ಝೆರಾಕ್ಸ್ ನೋಟ್ಸ್‌ನಿಂದ, ವಿಡಿಯೋದಿಂದ. ಲ್ಯಾಬ್‌ನ ಪೈಥಾನ್ ಒಂದು ಆವೃತ್ತಿ, ಮೊಬೈಲ್‌ನದ್ದು ಇನ್ನೊಂದು. ಔಟ್‌ಪುಟ್ ನೋಟ್ಸ್‌ನಂಗ ಬರಲಿಲ್ಲ ಅಂತ ಎಕ್ಸಾಂನಾಗ ಸರಿ ಇದ್ದ ಕೋಡನ್ನೇ ಅಳಿಸ್ತಾ ಕೂಡೋರಿದ್ದಾರ.

ಅದಕ್ಕ ಕನ್ನಡದಾಗ ನೋಟ್ಸ್ ಮಾಡೋರು ಪ್ರತಿ ಸೆಟ್, ಡಿಕ್ಟ್, ಮ್ಯಾಪ್ ಪಕ್ಕ ಒಂದು ಸಾಲು ಸೇರಿಸ್ರಿ: ಕ್ರಮ ಖಾತ್ರಿ ಅದನೋ ಇಲ್ಲೋ, ಇದ್ರ ಯಾವ ಆವೃತ್ತಿಯಿಂದ. ನಿಮ್ಮ ಜೂನಿಯರ್‌ಗೆ ಒಂದು ಮಧ್ಯಾಹ್ನ ಉಳೀತದ.

ಮುಂದಿನ ಭಾಗ: ಕನ್ನಡ ಅಕ್ಷರಕ್ಕ "ಉದ್ದ" ಎಷ್ಟು?

#ಕೋಡ್‌ಮಾತು #ಕನ್ನಡದಲ್ಲಿಕೋಡಿಂಗ್ #ಸೇಡಂ #ವಾಡಿ