ಚಿನ್ನ ಮುಗಿದ ಊರು: ಇಳಿಮುಖವೊ, ಏರುಮುಖವೊ?

ಒಂದು ಊರು ಕ್ಷಯಿಸುತ್ತಿದೆಯೆ, ಇಲ್ಲವೆ ಚೇತರಿಸಿಕೊಳ್ಳುತ್ತಿದೆಯೆ ಎಂದು ಕೇಳಿದರೆ ಬಹಳ ಮಂದಿ ಥಟ್ಟನೆ ಉತ್ತರ ಹೇಳಿಬಿಡುತ್ತಾರೆ. ಬೀಗ ಬಿದ್ದ ಕಾರ್ಖಾನೆಯನ್ನು ಕಂಡವರು ‘ಊರು ಹಾಳಾಯಿತು’ ಎನ್ನುತ್ತಾರೆ. ಹೊಸ ಅಂಗಡಿಗಳ ಸಾಲನ್ನು ಕಂಡವರು ‘ಊರು ಚಿಗುರಿತು’ ಎನ್ನುತ್ತಾರೆ. ಭೌತವಿಜ್ಞಾನವನ್ನು ಓದಿದವರು ಇಂತಹ ಮಾತನ್ನು ಕೇಳಿದೊಡನೆ ಮರುಪ್ರಶ್ನೆ ಹಾಕಬೇಕು: ಯಾವುದನ್ನು ಅಳೆದು ಹೀಗೆ ಹೇಳುತ್ತೀರಿ? ಅಳತೆಗೋಲನ್ನು ನಿಶ್ಚಯಿಸದೆ ಏರು ಇಳಿವುಗಳ ಮಾತನಾಡುವುದು ವ್ಯರ್ಥ. ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಪಟ್ಟಣ, ಎಂದರೆ ಎಲ್ಲರೂ ಕೆ.ಜಿ.ಎಫ್. ಎಂದು ಕರೆಯುವ ಊರು, ಈ ವಿಚಾರವನ್ನು ಪರೀಕ್ಷಿಸಿ ನೋಡಲು ಒಳ್ಳೆಯ ನಿದರ್ಶನವಾಗಿದೆ.

ಈ ಊರಿನ ವೈಭವ ಸಾಮಾನ್ಯವಾದುದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕಾಲಿಟ್ಟ ಮೇಲೆ ಬರಡು ನೆಲದ ಮೇಲೆ ಒಂದು ನಗರವೇ ಎದ್ದಿತು. ಗಣಿಯ ಯಂತ್ರಗಳಿಗಾಗಿಯೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೂಲಕ ಸಾಗಿಸಿ, 1902ರಲ್ಲಿ ಇಲ್ಲಿಗೆ ಮುಟ್ಟಿಸಿದರು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಕ್ಕೂ ಮೂರು ವರ್ಷಗಳ ಅನಂತರ. ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದಿಂದ ಹೊರಬಂದ ಚಿನ್ನ 800 ಟನ್ನುಗಳಷ್ಟು. 1956ರಲ್ಲಿ ಗಣಿಗಳು ಮೈಸೂರು ಸರಕಾರದ ಸ್ವಾಧೀನಕ್ಕೆ ಬಂದುವು. 1962ರಲ್ಲಿ ಕೇಂದ್ರ ಸರಕಾರದ ಕೈಸೇರಿದುವು. 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿಹೋದುವು. ತಮಿಳು ಸೀಮೆಯಿಂದ ಬಂದು, ಮೂರು ನಾಲ್ಕು ತಲೆಮಾರುಗಳಿಂದ ಭೂಮಿಯ ಒಳಗೆ ದುಡಿದು ಬಾಳಿದ ಸಾವಿರಾರು ಕುಟುಂಬಗಳು ಒಮ್ಮೆಗೇ ಜೀವನೋಪಾಯವನ್ನು ಕಳೆದುಕೊಂಡುವು.

ಗಣಿ ಮುಚ್ಚಿದುದೇಕೆ? ಚಿನ್ನ ಪೂರ್ತಿಯಾಗಿ ತೀರಿಹೋಯಿತೆಂದಲ್ಲ. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಲ್ಲಿ 40 ಗ್ರಾಮಿಗೂ ಮಿಕ್ಕಿ ಚಿನ್ನ ಸಿಗುತ್ತಿದ್ದರೆ, ಕೊನೆಯ ಕಾಲಕ್ಕೆ ಅದು 3 ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಗಣಿಯಾದರೋ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡಬಹುದು. ಒಂದು ಟನ್ ಭಾರವನ್ನು 3,000 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 2 ಕೋಟಿ 94 ಲಕ್ಷ ಜೂಲ್, ಎಂದರೆ ನಮ್ಮ ಮನೆಯ ವಿದ್ಯುತ್ ಮೀಟರಿನ ಎಂಟು ಯೂನಿಟ್ ಮಾತ್ರ. ಹಾಗಾದರೆ ವೆಚ್ಚವೆಲ್ಲ ಎಲ್ಲಿ ಹೋಯಿತು? ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿಯನ್ನು ಮೀರುತ್ತದೆ. ಅಲ್ಲಿ ಮನುಷ್ಯನು ದುಡಿಯಬೇಕಾದರೆ ಗಾಳಿಯನ್ನು ತಂಪು ಮಾಡಿ ಕೆಳಕ್ಕೆ ಊದಬೇಕು. ಒಸರುವ ನೀರನ್ನು ಹಗಲಿರುಳೂ ಪಂಪು ಮಾಡಬೇಕು. ಮೇಲಿನ ಭಾರಕ್ಕೆ ಬಂಡೆ ಸಿಡಿಯದಂತೆ ಆಧಾರ ಕೊಡಬೇಕು. ಮೂರು ಗ್ರಾಮ್ ಚಿನ್ನಕ್ಕಾಗಿ ಒಂದು ಟನ್ ಕಲ್ಲನ್ನು ಹಿಟ್ಟಿನಂತೆ ಅರೆಯಬೇಕು. ಖರ್ಚು ಆದಾಯವನ್ನು ಮೀರಿದ ದಿನ ಗಣಿ ಸೋತಿತು.

ಇನ್ನು ಊರಿನ ಮಾತು. ಮೊದಲಿಗೆ ಎಲ್ಲರೂ ಹಿಡಿಯುವ ಅಳತೆಗೋಲು ಜನಸಂಖ್ಯೆ. 1951ರ ಜನಗಣತಿಯಲ್ಲಿ ಈ ಪಟ್ಟಣದ ಜನಸಂಖ್ಯೆ ಒಂದೂವರೆ ಲಕ್ಷವನ್ನು ದಾಟಿತ್ತು. 2011ರಲ್ಲಿ ಅದು ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸಿನಲ್ಲಿತ್ತು. ಕುಗ್ಗಲಿಲ್ಲವಲ್ಲ ಎಂದು ಸಮಾಧಾನ ಪಡುವವರುಂಟು. ಆದರೆ ಆ ಅರವತ್ತು ವರ್ಷಗಳಲ್ಲಿ ಭಾರತದ ಜನಸಂಖ್ಯೆ 36 ಕೋಟಿಯಿಂದ 121 ಕೋಟಿಗೆ ಏರಿತು. ಸುತ್ತಲಿನ ಎಲ್ಲವೂ ಮೂರು ಪಟ್ಟು ಹೆಚ್ಚಿದಾಗ ಇದ್ದಲ್ಲಿಯೇ ಇದ್ದ ಊರು, ಸಾಪೇಕ್ಷವಾಗಿ ನೋಡಿದರೆ, ಮೂರರಲ್ಲೊಂದು ಪಾಲಾಯಿತು.

ಅಷ್ಟೇ ಅಲ್ಲ, ಸ್ಥಿರವಾದ ಸಂಖ್ಯೆಯೊಂದು ಅದರ ಹಿಂದಿನ ಚಲನೆಯನ್ನು ಮರೆಮಾಡಬಲ್ಲುದು. ತೊಟ್ಟಿಯಲ್ಲಿ ನೀರಿನ ಮಟ್ಟ ಬದಲಾಗದಿದ್ದರೆ ನೀರು ನಿಂತಿದೆಯೆಂದು ಅರ್ಥವಲ್ಲ; ಬರುವ ನೀರೂ ಹೋಗುವ ನೀರೂ ಸಮನಾಗಿದ್ದರೂ ಮಟ್ಟ ಹಾಗೆಯೇ ಇರುತ್ತದೆ. ಕೆ.ಜಿ.ಎಫ್.ನಲ್ಲಿ ಈ ಹರಿವನ್ನು ನೋಡಬೇಕಾದರೆ ಬೆಳಗಿನ ಹೊತ್ತು ಮಾರಿಕುಪ್ಪಂ ರೈಲು ನಿಲ್ದಾಣಕ್ಕೆ ಹೋಗಬೇಕು. ಸಾವಿರಾರು ಮಂದಿ ನಸುಕಿನಲ್ಲಿ ಬೆಂಗಳೂರಿಗೆ ಹೊರಟು ರಾತ್ರಿ ಮರಳುತ್ತಾರೆ. ಹೋಗಿಬರುವ ದೂರ ಇನ್ನೂರು ಕಿಲೋಮೀಟರಿನಷ್ಟು. ಜನಗಣತಿಯ ಪುಸ್ತಕದಲ್ಲಿ ಇವರು ಕೆ.ಜಿ.ಎಫ್.ನವರು, ಇವರ ದುಡಿಮೆಯ ಹೊತ್ತೆಲ್ಲ ಬೆಂಗಳೂರಿನದು. ಊರು ಸತ್ತಿಲ್ಲ ನಿಜ, ಆದರೆ ಅದು ಮಲಗುವ ಮನೆಯಾಗಿ ಮಾರ್ಪಟ್ಟಿದೆ. ಇದನ್ನು ಚೇತರಿಕೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಇದಕ್ಕೆ ಹೋಲಿಸಿ ನೋಡಲು ಕರಾವಳಿಯ ಮಂಗಳೂರನ್ನು ತೆಗೆದುಕೊಳ್ಳೋಣ. ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಹೊಗೆಕೊಳವೆಗಳ ಸಾಲೇ ಎದ್ದಿತು. ಮಂಗಳೂರು ಹೆಂಚು ಸಮುದ್ರ ದಾಟಿ ಮಾರಾಟವಾಯಿತು. ಕಾಂಕ್ರೀಟಿನ ತಾರಸಿ ಬಂದಿತು, ಸೌದೆಯೂ ಆವೆಮಣ್ಣೂ ದುರ್ಲಭವಾದುವು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಆದರೂ ನಗರ ಕುಸಿಯಲಿಲ್ಲ. ಏಕೆಂದರೆ ಅಷ್ಟರೊಳಗೆ ಅಲ್ಲಿ ಬ್ಯಾಂಕುಗಳಿದ್ದುವು, ಕಾಲೇಜುಗಳಿದ್ದುವು, ಆಸ್ಪತ್ರೆಗಳಿದ್ದುವು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರೂ ಕೂಡಿಕೊಂಡಿತು. ನಾಲ್ಕು ಕಾಲಿನ ಮಂಚದಲ್ಲಿ ಒಂದು ಕಾಲು ಮುರಿದರೆ ಅದು ವಾಲೀತು. ಒಂದೇ ಕಂಬದ ಮೇಲೆ ನಿಂತ ಅಟ್ಟ ಕಂಬ ಮುರಿದೊಡನೆ ನೆಲಕ್ಕೆ ಬೀಳುತ್ತದೆ. ಕೆ.ಜಿ.ಎಫ್. ಅಂತಹ ಅಟ್ಟವಾಗಿತ್ತು. ಅಲ್ಲಿ 1964ರಲ್ಲಿ ಆರಂಭವಾದ ಬೆಮೆಲ್ ಸಂಸ್ಥೆಯ ಕಾರ್ಖಾನೆ ಎರಡನೆಯ ಕಂಬವಾಗಿ ಒದಗಿದ್ದರಿಂದಲೇ ಊರು ಇಷ್ಟಾದರೂ ನಿಂತಿದೆ.

ಈಗ ಮತ್ತೊಮ್ಮೆ ಚಿನ್ನದ ಮಾತು ಕೇಳಿಬರುತ್ತಿದೆ. ಅದಿರನ್ನು ಅರೆದು, ಸಯನೈಡಿನಿಂದ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಊರಿನ ನಡುವೆ ಗುಡ್ಡಗಳಾಗಿ ಬಿದ್ದಿದೆ. ಸುಮಾರು 3 ಕೋಟಿ 30 ಲಕ್ಷ ಟನ್. ಅದರಿಂದ ಉಳಿಕೆಯ ಚಿನ್ನವನ್ನು ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿಗೆ ಕೊಟ್ಟಿತು. ಟನ್ನಿಗೆ ಒಂದು ಗ್ರಾಮ್ ಎಂದು ಉದಾರವಾಗಿಯೇ ಹಿಡಿದರೂ, ಒಂದು ಕಣವೂ ನಷ್ಟವಾಗದೆ ಸಿಕ್ಕಿದರೂ, ದೊರೆಯುವುದು 33 ಟನ್. ಹಿಂದಿನ 800 ಟನ್ನಿನಲ್ಲಿ ನೂರಕ್ಕೆ ನಾಲ್ಕು ಪಾಲು. ಅದು ಮುಗಿದ ಮೇಲೆ ಮತ್ತೆ ಅದೇ ಪ್ರಶ್ನೆ. ಆದುದರಿಂದ ಈ ಗುಡ್ಡಗಳಲ್ಲಿ ಊರಿನ ಭವಿಷ್ಯವನ್ನು ಹುಡುಕುವುದು ಸರಿಯಲ್ಲ. ಆದರೆ ಒಣಗಾಳಿಗೆ ಎದ್ದು ಮನೆಮನೆಗೂ ನುಗ್ಗುವ ಆ ಧೂಳನ್ನು ತೊಲಗಿಸಿ ನೆಲವನ್ನು ಶುದ್ಧ ಮಾಡುವ ಕೆಲಸ ಅದರೊಡನೆ ಆಗುವುದಾದರೆ, ಚಿನ್ನಕ್ಕಿಂತ ಆ ನೆಲವೇ ಹೆಚ್ಚು ಬೆಲೆಯುಳ್ಳದ್ದು.

ಚಿನ್ನದಷ್ಟೇ ಅಮೂಲ್ಯವಾದ ಇನ್ನೊಂದು ವಸ್ತು ಈ ಗಣಿಯಲ್ಲಿತ್ತು: ಅದರ ಆಳ. ಮೇಲಿನ ಬಂಡೆಯ ಹೊದಿಕೆ ವಿಶ್ವಕಿರಣಗಳನ್ನು ತಡೆಯುವುದರಿಂದ, ಬೇರೆಲ್ಲಿಯೂ ಕಾಣದ ಸೂಕ್ಷ್ಮ ಘಟನೆಗಳನ್ನು ಅಲ್ಲಿ ಗುರುತಿಸಬಹುದಾಗಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡಗೂಡಿ, 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು ಕಂಡುಹಿಡಿದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದೇ ವರ್ಷ ಅಂತಹುದೇ ಫಲ ದೊರೆಯಿತು. ಇಂದು ಕೋಲಾರದ ಆ ಸುರಂಗಗಳನ್ನು ನೀರು ತುಂಬಿದೆ. ಅಮೆರಿಕದ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿ 2002ರಲ್ಲಿ ಮುಚ್ಚಿದಾಗ ಅಲ್ಲಿಯೂ ನೀರು ತುಂಬಿತು. ಆದರೆ 2008ರಿಂದ ಆ ನೀರನ್ನು ಹೊರಹಾಕಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ದೊಡ್ಡ ಪ್ರಯೋಗಾಲಯವನ್ನು ಕಟ್ಟಿದರು. ಅವರು ಮಾಡಿದುದು ನಮ್ಮಲ್ಲಿ ಆಗದಿರಲು ಪ್ರಕೃತಿಯ ನಿಯಮವೇನೂ ಅಡ್ಡ ಬರಲಿಲ್ಲ. ಅಡ್ಡ ಬಂದುದು ನಮ್ಮ ಮುಂದಾಲೋಚನೆಯ ಕೊರತೆ. ಪ್ರಯೋಗಾಲಯವೊಂದು ಒಂದೂವರೆ ಲಕ್ಷ ಜನರಿಗೆ ಅನ್ನ ಕೊಡಲಾರದು, ನಿಜ. ಆದರೆ ಅದರ ಸುತ್ತ ಕಾಲೇಜು, ಕಾರ್ಯಾಗಾರ, ಉಪಕರಣ ತಯಾರಿಕೆ ಬೆಳೆಯುತ್ತವೆ. ಹಲವು ಕಂಬಗಳಲ್ಲಿ ಅದೂ ಒಂದಾದೀತು.

ಹಾಗಾದರೆ ನಮ್ಮ ತೀರ್ಮಾನವೇನು? ಕೆ.ಜಿ.ಎಫ್. ಸಾಯುತ್ತಿಲ್ಲ, ಚೇತರಿಸಿಕೊಂಡೂ ಇಲ್ಲ. ಪಕ್ಕದಲ್ಲಿ ಬೆಂಗಳೂರು ಇರುವುದರಿಂದ ಬದುಕಿದೆ. ಬೆಂಗಳೂರು–ಚೆನ್ನೈ ಹೆದ್ದಾರಿಯೂ ಈಗ ಊರಿನ ಸಮೀಪದಲ್ಲಿಯೇ ಹಾಯ್ದಿದೆ. ಆದರೆ ರಸ್ತೆಯೊಂದು ಉದ್ಯೋಗವನ್ನು ಊರಿಗೆ ತರಬಲ್ಲಂತೆ ಊರಿನ ಮಕ್ಕಳನ್ನು ದೂರ ಒಯ್ಯಲೂ ಬಲ್ಲುದು. ಬೆಳಗಿನ ರೈಲಿನಲ್ಲಿ ಹೊರಡುವವರ ಸಂಖ್ಯೆ ವರ್ಷ ವರ್ಷಕ್ಕೆ ಕಡಮೆಯಾಗಿ, ಎದುರಿನಿಂದ ಬರುವ ರೈಲಿನಲ್ಲಿ ಕೆಲಸಕ್ಕೆಂದು, ಓದಿಗೆಂದು ಇಳಿಯುವವರ ಸಂಖ್ಯೆ ಹೆಚ್ಚಿದಾಗ, ಊರು ಚೇತರಿಸುತ್ತಿದೆಯೆಂದು ನಾವು ಒಪ್ಪುತ್ತೇವೆ.

ತೋಡಾರು, ಮೂಡುಬಿದಿರೆಯ ಕಡೆಯ ನಾವು ಇದನ್ನು ದೂರದ ಊರಿನ ಕಥೆಯೆಂದು ಬಿಡಲಾಗದು. ಒಂದು ಕಾಲದಲ್ಲಿ ಜೈನ ವರ್ತಕರ ವ್ಯಾಪಾರದಿಂದ ಮೆರೆದು, 1430ರಲ್ಲಿ ಸಾವಿರ ಕಂಬದ ಬಸದಿಯನ್ನು ಕಟ್ಟಿಸಿದ ಈ ಸೀಮೆ ಇಂದು ಬಹುಮಟ್ಟಿಗೆ ವಿದ್ಯಾಸಂಸ್ಥೆಗಳನ್ನು ನಂಬಿ ಬೆಳೆಯುತ್ತಿದೆ. ವಿದ್ಯೆ ಚಿನ್ನದಂತೆ ಸವೆದುಹೋಗುವುದಿಲ್ಲ ಎನ್ನಬಹುದು. ಆದರೆ ಓದಲು ಬರುವವರ ಪ್ರವಾಹ ಬೇರೆಡೆಗೆ ತಿರುಗಬಾರದೆಂದೇನೂ ಇಲ್ಲ. ವಾಚಕರಾದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಲೆಕ್ಕವನ್ನು ತಾವೇ ಹಾಕಿನೋಡಬೇಕು. ಬೆಳಗ್ಗೆ ನಿಮ್ಮ ಊರಿನ ಬಸ್ಸು ನಿಲ್ದಾಣದಲ್ಲಿ ಒಂದು ಗಂಟೆಯ ಹೊತ್ತು ನಿಂತು, ದುಡಿಯಲು ಹೊರಗೆ ಹೋಗುವವರೆಷ್ಟು, ಒಳಗೆ ಬರುವವರೆಷ್ಟು ಎಂದು ಎಣಿಸಿರಿ. ಎಷ್ಟು ಬಗೆಯ ಕಸುಬುಗಳು ಊರನ್ನು ಹೊತ್ತಿವೆಯೆಂದು ಪಟ್ಟಿ ಮಾಡಿರಿ. ಅಳತೆ ಮಾಡಿದವನಿಗೆ ಮಾತ್ರ ಅಭಿಪ್ರಾಯ ಹೇಳುವ ಅಧಿಕಾರವುಂಟು. ಗಣಿ ಮುಚ್ಚುವ ಮುನ್ನವೇ ಅಳೆದವನಿಗೆ ಊರನ್ನು ಉಳಿಸುವ ಅವಕಾಶವೂ ಉಂಟು.